ಏರ್ ಸೆನ್ಸರ್ ಬದಲಾಯಿಸುವ ಮೊದಲು ಮನೆಯಲ್ಲೇ ಏನೇನು ನೋಡಬೇಕು?

"ಕಾರಿಗೆ ಪಿಕಪ್ ಇಲ್ಲ, ಇಂಜಿನ್ ಲೈಟ್ ಬಂದಿದೆ. ಸ್ಕ್ಯಾನರ್ ಹಾಕಿ ನೋಡಿ ಏರ್ ಸೆನ್ಸರ್ ಹೋಗಿದೆ ಅಂದರು. ಹಾಕಿಸಿಬಿಡಲಾ?" ಮಂಡ್ಯ, ಪಾಂಡವಪುರ, ಮೈಸೂರು ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಎಲ್ಲರಿಗೂ ನನ್ನ ಉತ್ತರ ಒಂದೇ: ಒಂದು ಭಾನುವಾರ ಬೆಳಗ್ಗೆ ಬಿಡುವು ಮಾಡಿಕೊಳ್ಳಿ, ಆಮೇಲೆ ದುಡ್ಡು ಬಿಚ್ಚಿ. ಸೆನ್ಸರ್ ನಿಜಕ್ಕೂ ಕೆಟ್ಟಿರಬಹುದು. ಆದರೆ ಹರಿದ ರಬ್ಬರ್ ಪೈಪು, ಸರಿಯಾಗಿ ಕೂರದ ಏರ್ ಫಿಲ್ಟರ್, ಇಲಿ ಕಡಿದ ವೈರು, ಸೆನ್ಸರ್ ಮೇಲೆ ಕೂತ ಧೂಳು ಇವೆಲ್ಲ ಕೂಡ ಸ್ಕ್ಯಾನರ್‌ನಲ್ಲಿ ಅದೇ ಕೋಡ್ ತೋರಿಸುತ್ತವೆ. ಕೋಡ್ ಹೇಳುವುದು "ಗಾಳಿಯ ಲೆಕ್ಕ ತಾಳೆಯಾಗುತ್ತಿಲ್ಲ" ಅಂತ ಅಷ್ಟೇ. ತಪ್ಪು ಎಲ್ಲಿ ಅನ್ನುವುದನ್ನು ನಾವೇ ಹುಡುಕಬೇಕು.

ಇಂಜಿನ್‌ಗೆ ಗಾಳಿಯ ಲೆಕ್ಕ ಯಾಕೆ ಬೇಕು?

ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ 1 ಗ್ರಾಂ ಪೆಟ್ರೋಲ್‌ಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಎಥೆನಾಲ್ ಬೆರೆತ ಇ20 ಪೆಟ್ರೋಲ್ ಆದರೆ ಸುಮಾರು 13.5 ಗ್ರಾಂ ಸಾಕು. ಎರಡೂ ತೂಕದ ಲೆಕ್ಕ, ಗಮನಿಸಿ. ಮೈಸೂರಿನ ಮಧ್ಯಾಹ್ನದ ಬಿಸಿಲಲ್ಲಿ ಒಂದು ಲೀಟರ್ ಗಾಳಿ ತೂಗುವುದು ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಒಂದು ಲೀಟರ್ ಪೆಟ್ರೋಲ್ ಸುಡಲು ಹತ್ತು ಸಾವಿರ ಲೀಟರ್ ಗಾಳಿ ಬೇಕಾಗುತ್ತದೆ. ಮನೆ ಮೇಲಿರುವ ಸಾವಿರ ಲೀಟರ್‌ನ ನೀರಿನ ಟ್ಯಾಂಕ್ ಹತ್ತು ತುಂಬುವಷ್ಟು!

ಆಕ್ಸಿಲರೇಟರ್ ತುಳಿದಾಗ ನಾವು ಪೆಟ್ರೋಲ್ ಬಿಡುತ್ತಿದ್ದೇವೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಾವು ಬಿಡುವುದು ಗಾಳಿಯನ್ನು. ಪೆಡಲ್ ಒತ್ತಿದರೆ ಥ್ರಾಟಲ್ ಬಾಡಿಯೊಳಗಿನ ತಟ್ಟೆ ತೆರೆದುಕೊಳ್ಳುತ್ತದೆ, ಗಾಳಿ ನುಗ್ಗುತ್ತದೆ. ಎಷ್ಟು ನುಗ್ಗಿತು ಅಂತ ಇಸಿಎಂ, ಅಂದರೆ ಇಂಜಿನ್‌ನ ಕಂಪ್ಯೂಟರ್, ಲೆಕ್ಕ ಹಾಕಿ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಚಿಮ್ಮಿಸುತ್ತದೆ. 1.2 ಲೀಟರ್‌ನ ನಾಲ್ಕು ಸಿಲಿಂಡರ್ ಕಾರು ಸುಮ್ನೆ ಐಡ್ಲಿಂಗ್‌ನಲ್ಲಿ ನಿಂತಾಗ ಒಂದೊಂದು ಇಂಜೆಕ್ಟರ್ ಒಂದು ಸಲಕ್ಕೆ ಬಿಡುವುದು ಸುಮಾರು 5 ಮಿಲಿಗ್ರಾಂ ಪೆಟ್ರೋಲ್. ಒಂದೆರಡು ಸಾಸಿವೆ ಕಾಳಿನ ತೂಕ ಅಷ್ಟೆ. ಇಷ್ಟು ಸೂಕ್ಷ್ಮವಾದ ಲೆಕ್ಕದಲ್ಲಿ ಗಾಳಿಯ ಅಳತೆ ಹತ್ತು ಪರ್ಸೆಂಟ್ ತಪ್ಪಿದರೂ ಕಾರು ಸರಿಯಾಗಿ ಎಳೆಯದಿರುವುದು ನಿಮ್ಮ ಕಾಲಿಗೇ ಗೊತ್ತಾಗುತ್ತದೆ.

ಅಳೆಯುವ ಎರಡು ದಾರಿ

ಮೊದಲನೆಯದು ಮ್ಯಾಫ್ ಸೆನ್ಸರ್. ಗ್ಯಾರೇಜಿನಲ್ಲಿ ಏರ್ ಫ್ಲೋ ಸೆನ್ಸರ್ ಅಂತಲೂ ಕರೆಯುತ್ತಾರೆ. ಇದು ಒಳಗೆ ಹೋಗುವ ಗಾಳಿಯನ್ನು ನೇರವಾಗಿ ತೂಗುತ್ತದೆ. ಬಿಸಿ ಕಾಫಿಯನ್ನು ಊದಿ ಆರಿಸುತ್ತೇವಲ್ಲ, ಅದೇ ತತ್ವ. ಗಾಳಿಯ ದಾರಿಯಲ್ಲಿ ಕೂದಲೆಳೆಯಷ್ಟು ತೆಳುವಾದ ಪ್ಲಾಟಿನಂ ತಂತಿಯನ್ನೋ ತೆಳು ಪದರವನ್ನೋ ಕರೆಂಟ್ ಕೊಟ್ಟು ಬಿಸಿಯಾಗಿ ಇಟ್ಟಿರುತ್ತಾರೆ. ಗಾಳಿ ಹರಿದಷ್ಟೂ ಅದು ತಣ್ಣಗಾಗುತ್ತದೆ. ಅದನ್ನು ಮತ್ತೆ ಅದೇ ಬಿಸಿಗೆ ತರಲು ಎಷ್ಟು ಕರೆಂಟ್ ಬೇಕಾಯಿತು ಅನ್ನುವುದರಿಂದ ಗಾಳಿಯ ತೂಕ ಸಿಗುತ್ತದೆ. ಲೆಕ್ಕ ಸೆಕೆಂಡಿಗೆ ಇಷ್ಟು ಗ್ರಾಂ ಅಂತ ಬರುತ್ತದೆ. ಏರ್ ಫಿಲ್ಟರ್ ಡಬ್ಬಿ ದಾಟಿದ ತಕ್ಷಣ, ದಪ್ಪ ಪೈಪಿನ ಮೇಲೆ ಇದು ಕೂತಿರುತ್ತದೆ. ಈಗಿನ ಡೀಸೆಲ್ ಕಾರುಗಳಲ್ಲಿ ಇದು ಸಾಮಾನ್ಯ.

ಎರಡನೆಯದು ಮ್ಯಾಪ್ ಸೆನ್ಸರ್. ಇದು ಗಾಳಿಯನ್ನು ತೂಗುವುದಿಲ್ಲ, ಥ್ರಾಟಲ್ ದಾಟಿದ ಮೇಲೆ ಬರುವ, ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಒತ್ತಡ ಎಷ್ಟಿದೆ ಅಂತ ನೋಡುತ್ತದೆ. ಜೊತೆಗೆ ಗಾಳಿ ಎಷ್ಟು ಬಿಸಿ ಇದೆ, ಇಂಜಿನ್ ಎಷ್ಟು ಆರ್‌ಪಿಎಂನಲ್ಲಿ ತಿರುಗುತ್ತಿದೆ ಅನ್ನುವುದನ್ನೂ ಸೇರಿಸಿ ಇಸಿಎಂ ತೂಕವನ್ನು ಲೆಕ್ಕ ಹಾಕಿ ತೆಗೆಯುತ್ತದೆ. ಒಳಗಿರುವುದು ಸಿಲಿಕಾನ್‌ನ ಸಣ್ಣ ಪೊರೆ. ಒತ್ತಡಕ್ಕೆ ಅದು ಬಾಗುತ್ತದೆ, ಬಾಗಿದಷ್ಟು ವೋಲ್ಟೇಜ್ ಬದಲಾಗುತ್ತದೆ. ನಮ್ಮ ರಸ್ತೆಗಳಲ್ಲಿ ಓಡಾಡುವ, ಟರ್ಬೊ (ಇಂಜಿನ್ ಒಳಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಜಾಸ್ತಿ ಕಾಣುವುದು ಇದೇ.

ಯಾವುದೂ ಹೊಸದಲ್ಲ. ಜರ್ಮನಿಯ ಬಾಷ್ ಕಂಪನಿ 1967ರಲ್ಲಿ ತಂದ ಡಿ-ಜೆಟ್ರಾನಿಕ್ ಒತ್ತಡ ನೋಡಿಯೇ ಪೆಟ್ರೋಲ್ ಬಿಡುತ್ತಿತ್ತು. ಅದರ ಹೆಸರಿನ 'ಡಿ' ಬಂದಿದ್ದು ಒತ್ತಡ ಅನ್ನುವ ಅರ್ಥದ ಜರ್ಮನ್ ಪದ 'ಡ್ರುಕ್'ನಿಂದ.

ನಿಮ್ಮ ಕಾರಿನಲ್ಲಿ ಯಾವುದಿದೆ ಅಂತ ತಿಳಿಯಲು ಬಾನೆಟ್ ಎತ್ತಿ. ಫಿಲ್ಟರ್ ಡಬ್ಬಿಯಿಂದ ಹೊರಟ ದಪ್ಪ ಪೈಪಿನ ಮೊದಲ ಗೇಣಿನೊಳಗೆ ನಾಲ್ಕೈದು ವೈರಿನ ಕಪ್ಲರ್, ಅಂದರೆ ವೈರುಗಳನ್ನು ಸೆನ್ಸರ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ಜೋಡಣೆ, ಇದ್ದರೆ ಮ್ಯಾಫ್ ಇರಬಹುದು. ಎರಡೇ ವೈರ್ ಇದ್ದರೆ ಅದು ಬರೀ ಗಾಳಿಯ ಬಿಸಿ ನೋಡುವ ಸೆನ್ಸರ್. ಇಂಜಿನ್ ಪಕ್ಕದ ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಮೇಲೆ ಒಂದೇ ಸ್ಕ್ರೂನಲ್ಲಿ ಕೂತ ಸಣ್ಣ ಕಪ್ಪು ತುಂಡು ಮ್ಯಾಪ್. ಕೆಲವು ಕಾರುಗಳಲ್ಲಿ, ಅದರಲ್ಲೂ ಟರ್ಬೊ ಇರುವವುಗಳಲ್ಲಿ, ಎರಡೂ ಇರುತ್ತವೆ.

ಏನೇನು ಬೇಕು?

ಬ್ಲೂಟೂತ್ ಓಬಿಡಿ ಅಡಾಪ್ಟರ್ ಒಂದು. ಸ್ಟೀರಿಂಗ್ ಕೆಳಗಿರುವ 16 ಪಿನ್‌ನ ಸಾಕೆಟ್‌ಗೆ ಚುಚ್ಚಿ ಮೊಬೈಲ್ ಆ್ಯಪ್‌ನಲ್ಲಿ ಅಂಕಿ ನೋಡುವ ಸಾಧನ ಅದು. ಓಬಿಡಿ ಅಂದರೆ ಕಾರು ತನ್ನ ತೊಂದರೆಯನ್ನು ತಾನೇ ಗುರುತಿಸಿ ನೆನಪಿಟ್ಟುಕೊಳ್ಳುವ ವ್ಯವಸ್ಥೆ. 2013ರ ನಂತರದ ಕಾರಾದರೆ ಸಾಮಾನ್ಯವಾಗಿ ತೊಂದರೆಯಿಲ್ಲದೆ ಓದುತ್ತದೆ. ಜೊತೆಗೆ ಒಂದು ಟಾರ್ಚ್, ಸ್ಟಾರ್ ಸ್ಕ್ರೂ ಡ್ರೈವರ್, ಕೆಲವು ಕಾರಿಗೆ ನಕ್ಷತ್ರದಂಥ ಆರು ಮೂಲೆಯ ಟಾರ್ಕ್ಸ್ ಬಿಟ್, ಒಂದು ಬಿಳಿ ಹತ್ತಿ ಬಟ್ಟೆ, ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ, ಅಂಕಿ ಬರೆದಿಡಲು ಪುಸ್ತಕ. ಕ್ಲೀನ್ ಮಾಡುವ ಹಂತ ಬಂದರೆ ಮ್ಯಾಫ್ ಸೆನ್ಸರ್ ಕ್ಲೀನರ್ ಅಂತಲೇ ಬರೆದ ಸ್ಪ್ರೇ ಬೇಕು. ಅದರ ಬದಲು ಕಾರ್ಬೊರೇಟರ್ ಕ್ಲೀನರ್, ಬ್ರೇಕ್ ಕ್ಲೀನರ್, ಪೆಟ್ರೋಲ್, ಥಿನ್ನರ್ ಯಾವುದೂ ಬೇಡ. ಪ್ಲಾಸ್ಟಿಕ್ ಕರಗಿಸುತ್ತವೆ ಇಲ್ಲವೇ ಜಿಡ್ಡು ಉಳಿಸುತ್ತವೆ.

ಹಂತ 1: ಕೋಡ್ ಬರೆದುಕೊಳ್ಳಿ, ಅಳಿಸಬೇಡಿ

ಮೊದಲು ಕೋಡ್‌ಗಳನ್ನು ಓದಿ ಬರೆದಿಡಿ. ಪಿ0101ರಿಂದ ಪಿ0103ರವರೆಗಿನವು ಮ್ಯಾಫ್‌ಗೆ ಸಂಬಂಧಿಸಿದವು. ಪಿ0106ರಿಂದ ಪಿ0108 ಮ್ಯಾಪ್‌ನವು. ಪಿ0171 ಅಂದರೆ ಮಿಶ್ರಣ ಲೀನ್, ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆ ಅಂತ. ಪಿ0172 ಅಂದರೆ ರಿಚ್, ಇದರ ಉಲ್ಟಾ. ಮೊದಲ ಎರಡು ಗುಂಪಿನಲ್ಲಿ ಕೊನೆಯ ಅಂಕಿ ನೋಡಿ. 2, 3, 7, 8 ಇದ್ದರೆ ಸಿಗ್ನಲ್‌ನ ವೋಲ್ಟೇಜೇ ತೀರಾ ಕಡಿಮೆ ಅಥವಾ ತೀರಾ ಜಾಸ್ತಿ ಅಂತ. ಆಗ ಮೊದಲು ಅನುಮಾನ ಪಡಬೇಕಾದ್ದು ವೈರು ಮತ್ತು ಕಪ್ಲರ್ ಮೇಲೆ. 1 ಅಥವಾ 6 ಇದ್ದರೆ ಅಂಕಿ ಬರುತ್ತಿದೆ, ಆದರೆ ನಂಬುವ ಹಾಗಿಲ್ಲ. ಆಗ ಪೈಪು, ಫಿಲ್ಟರ್, ಕೊಳೆ ನೋಡಬೇಕು.

ಎಷ್ಟೋ ಜನ ಈ ಹಂತದಲ್ಲೇ ಬ್ಯಾಟರಿ ಟರ್ಮಿನಲ್ ಬಿಚ್ಚಿ ಲೈಟ್ ಆರಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಲೈಟ್ ಜೊತೆ ಇಸಿಎಂ ಕಲಿತಿಟ್ಟುಕೊಂಡ ತಿದ್ದುಪಡಿಯ ಲೆಕ್ಕವೂ ಅಳಿಸಿಹೋಗುತ್ತದೆ. ನಮಗೆ ಹಂತ 5ರಲ್ಲಿ ಬೇಕಾದ ಸಾಕ್ಷಿಯೇ ಅದು.

ಹಂತ 2: ಇಂಜಿನ್ ತಣ್ಣಗಿದ್ದಾಗ ಕೀ ಆನ್ ಪರೀಕ್ಷೆ

ರಾತ್ರಿಯೆಲ್ಲ ನಿಂತ ಕಾರಿನಲ್ಲಿ, ಬೆಳಗ್ಗೆ, ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಬಟನ್ ಸ್ಟಾರ್ಟ್ ಇದ್ದರೆ ಕ್ಲಚ್, ಬ್ರೇಕ್ ಮುಟ್ಟದೆ ಎರಡು ಸಲ ಬಟನ್ ಒತ್ತಿ. ಈಗ ಆ್ಯಪ್‌ನಲ್ಲಿ ಎರಡು ಅಂಕಿ ನೋಡಿ.

ಒಂದು, ಗಾಳಿಯ ಬಿಸಿ. ಅದು ಇಂಜಿನ್ ಕೂಲೆಂಟ್‌ನ ಬಿಸಿಗೂ ಹೊರಗಿನ ಹವೆಗೂ ನಾಲ್ಕೈದು ಡಿಗ್ರಿಯೊಳಗೆ ಹೊಂದಬೇಕು. ಬೆಳಗ್ಗೆ 20 ಡಿಗ್ರಿ ಇರುವಾಗ ಅದು ಮೈನಸ್ 40 ತೋರಿಸಿದರೆ ವೈರ್ ಕಟ್ ಆಗಿದೆ ಅಥವಾ ಕಪ್ಲರ್ ಬಿಟ್ಟಿದೆ. ಗದ್ದೆ ಪಕ್ಕ, ತೋಟದ ಮನೆಯಲ್ಲಿ ಕಾರು ನಿಲ್ಲಿಸುವವರು ಮೊದಲು ಇಲಿ ಕಡಿದ ಗುರುತು ಹುಡುಕಿ.

ಎರಡು, ಮ್ಯಾಪ್‌ನ ಒತ್ತಡ. ಇಂಜಿನ್ ಓಡುತ್ತಿಲ್ಲವಾದ್ದರಿಂದ ಅದು ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಬಹಳ ಜನ ಎಡವುವುದು ಇಲ್ಲೇ. ಪುಸ್ತಕದಲ್ಲಿ, ವಿಡಿಯೊಗಳಲ್ಲಿ 101 ಕಿಲೋಪಾಸ್ಕಲ್ ಬರಬೇಕು ಅಂದಿರುತ್ತಾರೆ. ಅದು ಸಮುದ್ರ ಮಟ್ಟದ ಲೆಕ್ಕ. ಮಂಗಳೂರಿಗೆ ಸರಿ, ನಮಗಲ್ಲ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ 92ರಿಂದ 93 ಬರಬೇಕು. ಮಂಡ್ಯ ಸ್ವಲ್ಪ ತಗ್ಗು, ಅಲ್ಲಿ 93ರ ಆಸುಪಾಸು. ನಿಮ್ಮ ಕಾರು ಮೈಸೂರಿನಲ್ಲಿ 92 ತೋರಿಸಿದರೆ ಸೆನ್ಸರ್ ಕೆಟ್ಟಿದೆ ಅಂತ ಗಾಬರಿ ಬೀಳಬೇಡಿ. ಅದು ಸತ್ಯ ಹೇಳುತ್ತಿದೆ. 101 ತೋರಿಸಿದರೆ ಅನುಮಾನ ಪಡಿ.

ಇನ್ನೂ ಖಚಿತ ಆಗಬೇಕಾದರೆ ಚಾಮುಂಡಿ ಬೆಟ್ಟ ಇದ್ದೇ ಇದೆ. ಬುಡದಲ್ಲಿ ನಿಲ್ಲಿಸಿ ಕೀ ಆನ್ ಅಂಕಿ ಬರೆದುಕೊಳ್ಳಿ. ಮೇಲೆ ಪಾರ್ಕಿಂಗ್‌ನಲ್ಲಿ ಇಂಜಿನ್ ಆಫ್ ಮಾಡಿ ಮತ್ತೆ ನೋಡಿ. ಸುಮಾರು 3 ಕಿಲೋಪಾಸ್ಕಲ್ ಇಳಿದಿರಬೇಕು. ಇಳಿದಿದ್ದರೆ ನಿಮ್ಮ ಮ್ಯಾಪ್ ಸೆನ್ಸರಿನ ಪೊರೆ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ತಾಯಿಯ ದರ್ಶನವೂ ಆಯಿತು, ಸೆನ್ಸರ್ ಪರೀಕ್ಷೆಯೂ ಆಯಿತು.

ಇದೇ ಕಾರಣಕ್ಕೆ ಊಟಿಗೆ ಹೋದವರು "ಮೇಲೆ ಹತ್ತುತ್ತಾ ಪಿಕಪ್ಪೇ ಇರಲಿಲ್ಲ" ಅಂತ ಬರೆಯುತ್ತಾರೆ. ಊಟಿಯಲ್ಲಿ ಒತ್ತಡ 77–78 ಅಷ್ಟೇ. ಮೈಸೂರಿಗಿಂತ ಗಾಳಿ ಸುಮಾರು ಆರರಲ್ಲಿ ಒಂದು ಪಾಲು ಕಡಿಮೆ. ಟರ್ಬೊ ಇಲ್ಲದ ಕಾರಿಗೆ ಶಕ್ತಿಯೂ ಅಷ್ಟೇ ಕಡಿಮೆ ಆಗುತ್ತದೆ. ಊರಿಗೆ ಇಳಿದ ಮೇಲೆ ಸರಿಹೋದರೆ ಯಾವ ಸೆನ್ಸರನ್ನೂ ಮುಟ್ಟಬೇಡಿ.

ಮ್ಯಾಫ್ ಇರುವ ಕಾರಿನಲ್ಲಿ ಕೀ ಆನ್ ಇದ್ದಾಗ ಸೊನ್ನೆ ಅಥವಾ ಸೊನ್ನೆಗೆ ತೀರಾ ಹತ್ತಿರದ ಅಂಕಿ ಇರಬೇಕು. ಇಂಜಿನ್ ನಿಂತಿರುವಾಗಲೇ 3–4 ಗ್ರಾಂ ತೋರಿಸುತ್ತಿದ್ದರೆ ಅಲ್ಲೇ ತಪ್ಪಿದೆ.

ಹಂತ 3: ಕಣ್ಣು, ಕೈ, ಬಿಳಿ ಬಟ್ಟೆ

ಈ ಹಂತಕ್ಕೆ ಸಮಯ ಜಾಸ್ತಿ ಕೊಡಿ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ತೊಂದರೆ ಸಿಗುವುದು ಇಲ್ಲೇ.

ಕೀ ಆಫ್ ಮಾಡಿ. ಫಿಲ್ಟರ್ ಡಬ್ಬಿಯ ಕ್ಲಿಪ್‌ಗಳನ್ನು ಬಿಚ್ಚಿ. ಫಿಲ್ಟರ್‌ನ ಸುತ್ತ ಇರುವ ಮೆತ್ತನೆ ರಬ್ಬರ್ ಅಂಚನ್ನು ಬೆರಳಲ್ಲಿ ಸವರುತ್ತಾ ಬನ್ನಿ. ಎಲ್ಲಾದರೂ ಮಡಚಿಕೊಂಡಿದೆಯಾ, ಚಪ್ಪಟೆಯಾಗಿದೆಯಾ ನೋಡಿ. ಈಗ ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ, ಫಿಲ್ಟರ್ ದಾಟಿದ ಮೇಲಿನ ಭಾಗದ, ಅಂದರೆ ಇಂಜಿನ್ ಕಡೆಯ ಪೈಪಿನ ಒಳಗೋಡೆ ಒರೆಸಿ. ಆ ಜಾಗದಲ್ಲಿ ಮ್ಯಾಫ್ ಇದ್ದರೆ ಅದಕ್ಕೆ ಬೆರಳು ತಗುಲದಂತೆ ಎಚ್ಚರವಿರಲಿ. ಬಟ್ಟೆ ಹೆಚ್ಚುಕಡಿಮೆ ಬೆಳ್ಳಗೇ ಬಂದರೆ ಸರಿ. ನಮ್ಮ ಕೆಮ್ಮಣ್ಣಿನ ಬಣ್ಣ ಹತ್ತಿದರೆ ಧೂಳು ಫಿಲ್ಟರ್ ಪಕ್ಕದಿಂದ ನುಸುಳುತ್ತಿದೆ ಅಂತ ಅರ್ಥ. ಕಬ್ಬಿನ ಕಟಾವು ಶುರುವಾದ ಮೇಲೆ ಟ್ರ್ಯಾಕ್ಟರ್, ಲಾರಿಗಳ ಹಿಂದೆ ಹಳ್ಳಿ ರಸ್ತೆಯಲ್ಲಿ ದಿನಾ ಓಡಾಡುವ ಕಾರುಗಳಲ್ಲಿ ಈ ಗುರುತು ಜಾಸ್ತಿ. ಆ ಧೂಳು ಮ್ಯಾಫ್‌ನ ತಂತಿ ಮೇಲೆ ಕೂತರೆ ತಂತಿಗೆ ಕಂಬಳಿ ಹೊದಿಸಿದ ಹಾಗೆ. ಗಾಳಿ ಬೀಸಿದರೂ ಅದಕ್ಕೆ ಸರಿಯಾಗಿ ತಣ್ಣಗೆ ತಟ್ಟುವುದಿಲ್ಲ, ಅಂಕಿ ಕಡಿಮೆ ಬರುತ್ತದೆ.

ಆಮೇಲೆ ರಬ್ಬರ್ ಪೈಪು. ಫಿಲ್ಟರ್ ಡಬ್ಬಿಗೂ ಥ್ರಾಟಲ್ ಬಾಡಿಗೂ ನಡುವೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯ ಪೈಪು ಇರುತ್ತದೆ. ಅದನ್ನು ಮೇಲಿಂದ ನೋಡಿ ಬಿಟ್ಟರೆ ಸಾಲದು. ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಹಿಗ್ಗಿಸಿ, ಟಾರ್ಚ್ ಬಿಟ್ಟು ಒಂದೊಂದು ಮಡಿಕೆಯ ತಳ ನೋಡಿ, ಕೆಳಭಾಗಕ್ಕೂ ಬೆರಳು ಹಾಕಿ ಸವರಿ. ಹಿಂದೊಮ್ಮೆ ನನ್ನ ಕಾರಿಗೇ ಒಂದು ಗ್ಯಾರೇಜಿನಲ್ಲಿ ಸೆನ್ಸರ್ ಬದಲಾಯಿಸಿ ಅಂದಿದ್ದರು. ಮಡಿಕೆಯ ಕೆಳಗೆ ಉಗುರಿನಷ್ಟು ಉದ್ದದ ಸೀಳು ಸಿಕ್ಕಿತು. ಇಂಜಿನ್ ನಿಂತಿರುವಾಗ ಮುಚ್ಚಿಕೊಂಡಿರುತ್ತಿತ್ತು, ಗೇರ್ ಹಾಕಿ ಎಳೆದಾಗ ಬಾಯಿ ಬಿಡುತ್ತಿತ್ತು. ಪೈಪು ಬದಲಾಯಿಸಿದೆ, ಅದೇ ಸೆನ್ಸರ್ ಇವತ್ತಿಗೂ ಇದೆ.

ಮ್ಯಾಫ್‌ಗೂ ಇಂಜಿನ್‌ಗೂ ನಡುವೆ ಇಂಥ ಸೀಳಿದ್ದರೆ ಅಲ್ಲಿಂದ ನುಗ್ಗುವ ಗಾಳಿ ಲೆಕ್ಕಕ್ಕೇ ಸಿಗುವುದಿಲ್ಲ. ಹಿಂಬಾಗಿಲಿನಿಂದ ಬಂದ ನೆಂಟರಿಗೂ ಎಲೆ ಹಾಕಬೇಕಲ್ಲ, ಅಡುಗೆ ಮಾಡಿದ್ದು ಮಾತ್ರ ಮುಂಬಾಗಿಲಲ್ಲಿ ಎಣಿಸಿದವರಿಗೆ. ಪೆಟ್ರೋಲ್ ಸಾಲದೆ ಇಂಜಿನ್ ತಡವರಿಸುತ್ತದೆ.

ಸಣ್ಣ ವ್ಯಾಕ್ಯೂಮ್ ಪೈಪುಗಳು, ಇಂಜಿನ್ ಆಯಿಲ್ ಡಿಪ್‌ಸ್ಟಿಕ್, ಆಯಿಲ್ ಮುಚ್ಚಳ ಎಲ್ಲ ಬಿಗಿಯಾಗಿವೆಯಾ ನೋಡಿ. ಕಪ್ಲರ್ ಬಿಚ್ಚಿ ಒಳಗೆ ಹಸಿರು ಕಿಲುಬು ಇದೆಯಾ ನೋಡಿ. ಆಯುಧ ಪೂಜೆಗೆ ಅಂತ ಇಂಜಿನ್‌ಗೂ ಜೋರಾಗಿ ನೀರು ಹೊಡೆಸಿದ ಮೇಲೆ ಶುರುವಾಗುವ ಇಂಜಿನ್ ಲೈಟ್‌ಗೆ ಕಪ್ಲರ್‌ನಲ್ಲಿ ನಿಂತ ನೀರು ಕಾರಣ ಆಗಿರಬಹುದು. ಒಣಗಿಸಿ ಹಾಕಿದರೆ ಮುಗಿಯಿತು.

ಎಚ್ಚರಿಕೆ: ಲೀಕ್ ಹುಡುಕಲು ಇಂಜಿನ್ ಓಡುವಾಗ ಊದುಬತ್ತಿಯ ಹೊಗೆ ಹಿಡಿಯಿರಿ, ಪೆಟ್ರೋಲ್ ಚಿಮುಕಿಸಿ ಅಂತೆಲ್ಲ ಸಲಹೆ ಕೊಡುವವರಿದ್ದಾರೆ. ಊದುಬತ್ತಿಯ ಊರಿನವರಾದರೂ ನಾವು ಅದನ್ನು ಬಾನೆಟ್ ಒಳಗೆ ತರುವುದು ಬೇಡ. ಪೆಟ್ರೋಲ್ ಆವಿ ಇರುವ ಜಾಗದಲ್ಲಿ ಒಂದು ಕಿಡಿ ಸಾಕು. ಬದಲಿಗೆ ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ತುಂಬಿ, ಐಡ್ಲಿಂಗ್‌ನಲ್ಲಿ ಅನುಮಾನ ಇರುವ ಪೈಪಿನ ಜೋಡಣೆಯ ಮೇಲೆ ಮಾತ್ರ ಮಂಜಿನಂತೆ ಚಿಮುಕಿಸಿ. ಇಂಜಿನ್ ಸದ್ದು ಬದಲಾದರೆ ಅಲ್ಲೇ ಲೀಕ್. ಇಗ್ನಿಷನ್ ಕಾಯಿಲ್, ಕಪ್ಲರ್, ಬಿಸಿ ಸೈಲೆನ್ಸರ್ ಪೈಪಿನ ಕಡೆ ನೀರು ಬೇಡ. ಫ್ಯಾನ್, ಬೆಲ್ಟ್ ಹತ್ತಿರ ಕೈ, ಟವೆಲ್, ಸೆರಗು, ದುಪಟ್ಟಾ ಹೋಗದಂತೆ ನೋಡಿಕೊಳ್ಳಿ.

ಹಂತ 4: ಬಿಸಿ ಇಂಜಿನ್, ಐಡ್ಲಿಂಗ್‌ನ ಅಂಕಿ

ಹತ್ತು ಹದಿನೈದು ನಿಮಿಷ ಓಡಿಸಿ ಇಂಜಿನ್ ಬಿಸಿ ಆದ ಮೇಲೆ ಎಸಿ, ಹೆಡ್‌ಲೈಟ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ನಿಲ್ಲಿಸಿ. ಪೆಟ್ರೋಲ್ ಕಾರಿನ ಮ್ಯಾಪ್ ಸಾಮಾನ್ಯವಾಗಿ 28ರಿಂದ 40 ಕಿಲೋಪಾಸ್ಕಲ್ ನಡುವೆ ನಿಲ್ಲಬೇಕು. ಎಸಿ ಹಾಕಿದರೆ ಸ್ವಲ್ಪ ಏರುವುದು ಸಹಜ. ಸ್ಟಾರ್ಟ್ ಆದ ತಕ್ಷಣ 92ರಿಂದ ಈ ಮಟ್ಟಕ್ಕೆ ಸರ್ರನೆ ಇಳಿಯಬೇಕು. ಜಾರಿದ ಹಾಗೆ ನಿಧಾನವಾಗಿ ಇಳಿದರೆ ಸೆನ್ಸರ್‌ನ ಮೂತಿಯಲ್ಲಿ ಮಸಿ ಕಟ್ಟಿರಬಹುದು.

ಮ್ಯಾಫ್ ಇರುವ ಪೆಟ್ರೋಲ್ ಕಾರಿಗೆ ಅಂದಾಜು ಲೆಕ್ಕ ಒಂದಿದೆ. 1.2 ಲೀಟರ್ ಇಂಜಿನ್ 750 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 2 ಗ್ರಾಂ ಗಾಳಿ ಎಳೆಯುತ್ತದೆ. 1.5 ಲೀಟರ್ ಆದರೆ ಎರಡೂವರೆ. ಇದಕ್ಕಿಂತ ಅರ್ಧಕ್ಕೆ ಇಳಿದಿದ್ದರೆ ಅಥವಾ ಎರಡು ಪಟ್ಟು ಇದ್ದರೆ ಯೋಚಿಸಬೇಕು. ಡೀಸೆಲ್‌ಗೆ ಈ ಲೆಕ್ಕ ಹಾಕಬೇಡಿ. ಅದರಲ್ಲಿ ಗಾಳಿಯನ್ನು ಪೆಟ್ರೋಲ್ ಕಾರಿನ ಹಾಗೆ ತಡೆದು ಬಿಡುವುದಿಲ್ಲ. ಜೊತೆಗೆ ಇಜಿಆರ್, ಅಂದರೆ ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಒಳಗೆ ಕಳಿಸುವ ವಾಲ್ವ್, ತೆರೆದು ಮುಚ್ಚಿದ ಹಾಗೆ ಅಂಕಿ ಏರಿಳಿಯುತ್ತಿರುತ್ತದೆ.

ಹಂತ 5: ಫ್ಯೂಯೆಲ್ ಟ್ರಿಮ್ ಓದುವುದು

ಇದು ಪೆಟ್ರೋಲ್ ಕಾರಿಗೆ ಮಾತ್ರ. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಹೊಗೆ ನೋಡಿ "ಪೆಟ್ರೋಲ್ ಕಡಿಮೆ ಆಯಿತು, ಜಾಸ್ತಿ ಆಯಿತು" ಅಂತ ಹೇಳುತ್ತಿರುತ್ತದೆ. ಇಸಿಎಂ ಅದಕ್ಕೆ ತಕ್ಕಂತೆ ತನ್ನ ಲೆಕ್ಕ ತಿದ್ದಿಕೊಳ್ಳುತ್ತದೆ. ಆ ತಿದ್ದುಪಡಿಯೇ ಫ್ಯೂಯೆಲ್ ಟ್ರಿಮ್. ಆ ಕ್ಷಣದ ತಿದ್ದುಪಡಿ ಶಾರ್ಟ್ ಟರ್ಮ್, ದಿನಗಟ್ಟಲೆ ಕಲಿತಿದ್ದು ಲಾಂಗ್ ಟರ್ಮ್. ಎರಡನ್ನೂ ಕೂಡಿಸಿ ನೋಡಿ. ಪ್ಲಸ್ ಅಂದರೆ ಪೆಟ್ರೋಲ್ ಸೇರಿಸುತ್ತಿದೆ, ಮೈನಸ್ ಅಂದರೆ ಕಡಿತ ಮಾಡುತ್ತಿದೆ. 5 ಪರ್ಸೆಂಟ್ ಒಳಗೆ ಆರಾಮ. 10 ದಾಟಿದರೆ ಹುಡುಕಬೇಕು. ಹಳೆಯ ಕಾರಿಗೆ ಇ20 ಹಾಕುತ್ತಿದ್ದರೆ ಪ್ಲಸ್ ಕಡೆಗೆ ಸ್ವಲ್ಪ ವಾಲಿರುವುದು ಸಹಜ, ಅದು ಸೆನ್ಸರ್ ತಪ್ಪಲ್ಲ.

ಐಡ್ಲಿಂಗ್‌ನಲ್ಲಿ ಒಮ್ಮೆ ಬರೆದುಕೊಳ್ಳಿ. ಆಮೇಲೆ ನಿಂತಲ್ಲೇ ರೇಸ್ ಮಾಡಿ 2,500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿದು ಮತ್ತೆ ಬರೆದುಕೊಳ್ಳಿ.

ಮ್ಯಾಫ್ ಕಾರಿನಲ್ಲಿ ಐಡ್ಲಿಂಗ್‌ಗೆ ಪ್ಲಸ್ 15 ಇದ್ದು, ರೇಸ್ ಮಾಡಿದಾಗ 3ಕ್ಕೋ 4ಕ್ಕೋ ಇಳಿದರೆ ಎಲ್ಲೋ ಗಾಳಿ ಲೀಕ್ ಇದೆ. ಒಂದು ಲೋಟ ಹಾಲಿಗೆ ಒಂದು ಚಮಚ ನೀರು ಬಿದ್ದರೆ ನಾಲಿಗೆಗೆ ತಿಳಿಯುತ್ತದೆ, ಒಂದು ಕ್ಯಾನ್ ಹಾಲಿಗೆ ಅದೇ ಚಮಚ ಲೆಕ್ಕಕ್ಕಿಲ್ಲ. ಲೀಕ್ ಕೂಡ ಹಾಗೆ, ಗಾಳಿ ಕಡಿಮೆ ಹರಿಯುವ ಐಡ್ಲಿಂಗ್‌ನಲ್ಲೇ ಎದ್ದು ಕಾಣುತ್ತದೆ. ಇದರ ಉಲ್ಟಾ, ಐಡ್ಲಿಂಗ್‌ನಲ್ಲಿ ಸರಿ ಇದ್ದು, ರೇಸ್ ಮಾಡಿದಷ್ಟೂ, ಲೋಡ್ ಏರಿದಷ್ಟೂ ಪ್ಲಸ್ ಏರುತ್ತಾ ಹೋದರೆ ಮ್ಯಾಫ್ ಕೊಳೆಯಾಗಿದೆ ಇಲ್ಲವೇ ಕಾರಿನೊಳಗಿನ ಪೆಟ್ರೋಲ್ ಪಂಪ್, ಪೆಟ್ರೋಲ್ ಫಿಲ್ಟರ್ ಸೋತಿದೆ.

ಮ್ಯಾಪ್ ಕಾರಿನಲ್ಲಿ ಕಥೆ ಬೇರೆ. ಮೆಕ್ಯಾನಿಕ್‌ಗಳೂ ಕೆಲವೊಮ್ಮೆ ಇದನ್ನು ಮರೆಯುತ್ತಾರೆ. ಮ್ಯಾನಿಫೋಲ್ಡ್‌ಗೆ ಹಿಂಬಾಗಿಲಿಂದ ಗಾಳಿ ಬಂದರೂ ಒತ್ತಡ ಏರುವುದರಿಂದ ಆ ಗಾಳಿಯೂ ಲೆಕ್ಕಕ್ಕೆ ಸಿಕ್ಕಿಬಿಡುತ್ತದೆ. ಆಗ ಟ್ರಿಮ್ ಅಷ್ಟಾಗಿ ಕೆಡುವುದಿಲ್ಲ. ಬದಲಿಗೆ ಐಡ್ಲಿಂಗ್ ಏರುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ 1,100–1,200ರಲ್ಲಿ ಕೂಗುತ್ತಿರುತ್ತದೆ. ಮ್ಯಾಪ್ ಕಾರಿನಲ್ಲಿ ಟ್ರಿಮ್ ಜೋರಾಗಿ ಮೈನಸ್ ಇದ್ದು, ಪ್ಲಗ್ ಕಪ್ಪಾಗಿ, ಮೈಲೇಜ್ ಬಿದ್ದಿದ್ದರೆ ಸೆನ್ಸರ್ ಇರುವುದಕ್ಕಿಂತ ಜಾಸ್ತಿ ಒತ್ತಡ ತೋರಿಸುತ್ತಿರಬಹುದು. ಸಣ್ಣ ರಬ್ಬರ್ ನಳಿಕೆಯ ಮೂಲಕ ಮ್ಯಾಪ್ ಜೋಡಿಸಿರುವ ಹಳೆಯ ಕಾರುಗಳಲ್ಲಿ ಆ ನಳಿಕೆ ಬಿರುಕು ಬಿಟ್ಟರೆ ಹೀಗೇ ಆಗುತ್ತದೆ. ನಳಿಕೆಯ ಎರಡೂ ತುದಿಯನ್ನು ಒಂದು ಇಂಚು ಕತ್ತರಿಸಿ ಮತ್ತೆ ಸಿಕ್ಕಿಸಿದರೂ ಎಷ್ಟೋ ಸಲ ಸರಿಹೋಗುತ್ತದೆ.

ಮಧ್ಯದಲ್ಲಿ ಒಂದು ಮಾತು. "ಏರ್ ಫಿಲ್ಟರ್ ಕಟ್ಟಿಕೊಂಡರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ" ಅನ್ನುವುದು ಕಾರ್ಬೊರೇಟರ್ ಕಾಲದ ಮಾತು. ಇಂಜೆಕ್ಷನ್ ಕಾರಿನಲ್ಲಿ ಗಾಳಿ ಕಡಿಮೆ ಬಂದರೆ ಪೆಟ್ರೋಲೂ ಕಡಿಮೆ ಬಿಡುತ್ತದೆ. ಕಟ್ಟಿಕೊಂಡ ಫಿಲ್ಟರ್‌ನಿಂದ ಕೆಡುವುದು ಪೂರ್ತಿ ತುಳಿದಾಗಿನ ಎಳೆತ. ಫಿಲ್ಟರ್ ಬದಲಾಯಿಸಲೇಬೇಕು, ಆದರೆ ಅದರಿಂದ ಮೈಲೇಜ್ ಎರಡು ಮೂರು ಏರುತ್ತದೆ ಅಂತ ಕಾಯಬೇಡಿ.

ಹಂತ 6: ಕ್ಲೀನ್ ಮಾಡುವುದು

ಕೀ ಆಫ್, ಇಂಜಿನ್ ತಣ್ಣಗೆ. ಕಪ್ಲರ್‌ನ ಲಾಕ್ ಒತ್ತಿ ಬಿಚ್ಚಿ, ವೈರ್ ಹಿಡಿದು ಎಳೆಯಬೇಡಿ. ಮ್ಯಾಫ್‌ನ ಸ್ಕ್ರೂ ಬಿಚ್ಚಿ ಸೆನ್ಸರನ್ನು ನೇರವಾಗಿ ಮೇಲಕ್ಕೆ ತೆಗೆಯಿರಿ. ಕೆಳಗಿನ ಸಣ್ಣ ಕಿಂಡಿಯಲ್ಲಿ ತಂತಿ ಅಥವಾ ತೆಳು ಪದರ ಕಾಣುತ್ತದೆ. ಅದನ್ನು ಬೆರಳು, ಬಟ್ಟೆ, ಬ್ರಷ್, ಇಯರ್ ಬಡ್ ಯಾವುದರಿಂದಲೂ ಮುಟ್ಟಬೇಡಿ. ಪಂಕ್ಚರ್ ಅಂಗಡಿಯ ಏರ್ ಗನ್ ಕೂಡ ಬೇಡ, ಆ ಹೊಡೆತಕ್ಕೆ ಅದು ಕಿತ್ತು ಹೋಗುತ್ತದೆ. ಕ್ಲೀನರನ್ನು ನಾಲ್ಕು ಬೆರಳು ದೂರದಿಂದ ಹತ್ತು ಹನ್ನೆರಡು ಸಲ ಚಿಕ್ಕದಾಗಿ ಹೊಡೆಯಿರಿ. ಕೆಳಗೆ ಒಂದು ಬಿಳಿ ಕಾಗದ ಹಿಡಿದರೆ ಎಷ್ಟು ಕೊಳೆ ಇಳಿಯಿತು ಅಂತ ಕಾಣುತ್ತದೆ. ನೆರಳಿನಲ್ಲಿ ಅರ್ಧ ಗಂಟೆ ತಾನಾಗಿ ಒಣಗಲಿ. ಹಾಕುವಾಗ ಮೈಮೇಲಿನ ಬಾಣದ ಗುರುತು ಇಂಜಿನ್ ಕಡೆಗಿರಲಿ.

ಮ್ಯಾಪ್‌ಗೆ ಮೂತಿಯನ್ನು ಕೆಳಮುಖ ಮಾಡಿ ಮೂರ್ನಾಲ್ಕು ಸಲ ಸ್ಪ್ರೇ ಸಾಕು. ಪಿನ್ನು, ಸೂಜಿ ಹಾಕಿ ಕೆದಕಿದರೆ ಪೊರೆ ತೂತಾಗುತ್ತದೆ. ಡೀಸೆಲ್ ಕಾರಿನ ಮ್ಯಾಪ್‌ನಲ್ಲಿ ಮಸಿ ಮತ್ತು ಆಯಿಲ್ ಸೇರಿ ಡಾಂಬರಿನ ಹಾಗೆ ಕಟ್ಟಿರುತ್ತದೆ. ಹೊರಗಿನದನ್ನು ಬಟ್ಟೆಯಲ್ಲಿ ಒರೆಸಿ, ಒಳಗಿನದನ್ನು ಕ್ಲೀನರ್‌ಗೆ ಬಿಡಿ. ಓ ರಿಂಗ್, ಅಂದರೆ ಬಳೆಯಾಕಾರದ ಸಣ್ಣ ರಬ್ಬರ್, ಹರಿದಿದ್ದರೆ ಬದಲಾಯಿಸಿ. ಇಲ್ಲದಿದ್ದರೆ ಅಲ್ಲೇ ಹೊಸ ಲೀಕ್ ಶುರು.

ತೊಳೆದು ಬಳಸುವ ಎಣ್ಣೆ ಹಚ್ಚಿದ ಹತ್ತಿಯ ಫಿಲ್ಟರ್ ಹಾಕಿಸಿಕೊಂಡವರಿಗೆ ಒಂದು ಎಚ್ಚರಿಕೆ. ಎಣ್ಣೆ ಜಾಸ್ತಿ ಹಚ್ಚಿದರೆ ಅದು ಗಾಳಿಯ ಜೊತೆ ಹೋಗಿ ಮ್ಯಾಫ್ ಮೇಲೆ ಕೂರುತ್ತದೆ. ನಮ್ಮ ಧೂಳಿಗೆ ಕಂಪನಿಯ ಕಾಗದದ ಫಿಲ್ಟರೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಹಂತ 7: ರಸ್ತೆ ಪರೀಕ್ಷೆ

ಈಗ ಕೋಡ್ ಅಳಿಸಬಹುದು. ಶ್ರೀರಂಗಪಟ್ಟಣದವರೆಗೋ ಮದ್ದೂರಿನವರೆಗೋ ಒಂದು ಸುತ್ತು ಹೋಗಿ ಬನ್ನಿ, ಇಸಿಎಂ ಹೊಸದಾಗಿ ಕಲಿಯಲಿ. ಮೊಬೈಲ್ ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ, ಅಥವಾ ಆ್ಯಪ್‌ನಲ್ಲಿ ರೆಕಾರ್ಡ್ ಹಾಕಿ ಮನೆಗೆ ಬಂದು ನೋಡಿ. ಓಡಿಸುತ್ತಾ ನೋಡಬೇಡಿ.

ಖಾಲಿ ರಸ್ತೆಯಲ್ಲಿ ಎರಡನೇ ಗೇರ್‌ನಲ್ಲಿ ಪೂರ್ತಿ ತುಳಿದು 4,000 ಆರ್‌ಪಿಎಂವರೆಗೆ ಏರಿಸಿ. ಟರ್ಬೊ ಇಲ್ಲದ ಮ್ಯಾಪ್ ಕಾರು ಆಗ ಕೀ ಆನ್ ಅಂಕಿಯ ಹತ್ತಿರ, ಮೈಸೂರಿನಲ್ಲಿ 88–91ರವರೆಗೆ, ಬರಬೇಕು. 80ರಲ್ಲೇ ನಿಂತರೆ ಫಿಲ್ಟರೋ ಗಾಳಿಯ ದಾರಿಯೋ ಕಟ್ಟಿದೆ. ಮ್ಯಾಫ್ ಇರುವ 1.2 ಲೀಟರ್ ಪೆಟ್ರೋಲ್ ಕಾರು ಸೆಕೆಂಡಿಗೆ ಸುಮಾರು 36 ಗ್ರಾಂ ತೋರಿಸಬೇಕು. ಬೇರೆ ಇಂಜಿನ್‌ಗೆ ಲೆಕ್ಕ ಹಾಕುವುದು ಸುಲಭ: ಇಂಜಿನ್‌ನ ಲೀಟರನ್ನು ಆರ್‌ಪಿಎಂನಿಂದ ಗುಣಿಸಿ, 120ರಿಂದ ಭಾಗಿಸಿ, ಬಂದದ್ದರ ಹತ್ತರಲ್ಲಿ ಒಂಬತ್ತು ಪಾಲು ತೆಗೆದುಕೊಳ್ಳಿ. ನಮ್ಮ ಎತ್ತರಕ್ಕೆ ಹೆಚ್ಚುಕಡಿಮೆ ಅದೇ ಉತ್ತರ. ಕ್ಲೀನ್ ಮಾಡಿದ ಮೇಲೂ ಇದರ ಮುಕ್ಕಾಲು ಭಾಗವೂ ಬರದಿದ್ದರೆ, ಟ್ರಿಮ್ ಪ್ಲಸ್‌ನಲ್ಲೇ ಇದ್ದರೆ, ಮ್ಯಾಫ್ ನಿಜಕ್ಕೂ ಹೋಗಿದೆ. ಇನ್ನೊಂದು ಅಡ್ಡ ಪರೀಕ್ಷೆಯೂ ಇದೆ. ಕೀ ಆಫ್ ಮಾಡಿ ಮ್ಯಾಫ್ ಕಪ್ಲರ್ ಬಿಚ್ಚಿ ಸ್ಟಾರ್ಟ್ ಮಾಡಿ ನೋಡಿ. ಬಹಳಷ್ಟು ಕಾರುಗಳು ಆಗ ಅಂದಾಜು ಲೆಕ್ಕದಲ್ಲಿ ಓಡುತ್ತವೆ. ಬಿಚ್ಚಿದ ಮೇಲೆ ಮೊದಲಿಗಿಂತ ಚೆನ್ನಾಗಿ ಓಡಿದರೆ ಅದೂ ಸೆನ್ಸರ್ ಕಡೆಗೇ ಬೆರಳು ತೋರಿಸುತ್ತದೆ. ಇಂಜಿನ್ ಲೈಟ್ ಬರುತ್ತದೆ, ಮತ್ತೆ ಹಾಕಿ ಅಳಿಸಿದರಾಯಿತು.

ಬದಲಾಯಿಸಲೇಬೇಕಾದರೆ

ಹಳೆಯ ಸೆನ್ಸರ್ ಮೇಲಿನ ಪಾರ್ಟ್ ನಂಬರ್ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ. ನೋಡಲು ಒಂದೇ ಥರ ಇದ್ದರೂ ಒಳಗಿನ ಲೆಕ್ಕ ಬೇರೆ ಇರಬಹುದು. ಅದರಲ್ಲೂ ಮ್ಯಾಫ್‌ನಲ್ಲಿ ಡೂಪ್ಲಿಕೇಟ್ ಹಾಕಿದರೆ ಹಳೆಯ ತೊಂದರೆ ಹೋಗಿ ಹೊಸದು ಬರುತ್ತದೆ. ಬಿಲ್ ತೆಗೆದುಕೊಳ್ಳಿ, ಹಳೆಯ ಸೆನ್ಸರನ್ನು ಗ್ಯಾರೇಜಿನಲ್ಲಿ ಬಿಡದೆ ಮನೆಗೆ ತನ್ನಿ. ಹೊಸದನ್ನು ಹಾಕಿದ ಮೇಲೆ ಹಂತ 2, 4, 5ರ ಅಂಕಿಗಳನ್ನು ಮತ್ತೆ ನೋಡಿ. ಮೊದಲ ಅಂಕಿಗಳ ಪಕ್ಕದಲ್ಲೇ ತಾರೀಖು, ಕಿಲೋಮೀಟರ್ ಸಮೇತ ಬರೆದು ಪುಸ್ತಕವನ್ನು ಡ್ಯಾಶ್‌ಬೋರ್ಡ್‌ನಲ್ಲಿ ಇಡಿ. ಕಾರು ಈಗ ಸರಿಯಾಗಿಯೇ ಇದೆ ಅನ್ನುವವರು ಕೂಡ ಈ ಭಾನುವಾರ ಕೀ ಆನ್ ಒತ್ತಡ, ಐಡ್ಲಿಂಗ್ ಅಂಕಿ, ಎರಡು ಟ್ರಿಮ್ ಬರೆದಿಟ್ಟುಕೊಳ್ಳಿ. ಮುಂದೆ ಇಂಜಿನ್ ಲೈಟ್ ಬಂದ ದಿನ ಹೋಲಿಸಿ ನೋಡಲು ನಿಮ್ಮದೇ ಕಾರಿನ ಲೆಕ್ಕ ಕೈಯಲ್ಲಿರುತ್ತದೆ.